ಅಪ್ಪ ದಿನಾ ಹೊಲಕ್ಕ ಹೋಗ್ತಾನ, ತೂಕ ಬರೇ 51 ಕೆ.ಜಿ. ಆದ್ರೂ ಶುಗರ್ 268 ಹೆಂಗ ಬಂತು?

ನರಗುಂದದ_ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ಕೆಲಸಕ್ಕ ಹುಬ್ಬಳ್ಳಿಯೊಳಗ ಅದೀನಿ, ಮನಿ ನರಗುಂದ ತಾಲೂಕಿನ ಒಂದು ಹಳ್ಳ್ಯಾಗ. ಹೋದ ಶುಕ್ರವಾರ ಊರ ಗುಡಿ ಮುಂದ ತಪಾಸಣಿ ಶಿಬಿರ ಇತ್ತು. ಮೊಣಕಾಲು ನೋವಿಗೆ ಮುಲಾಮು ಕೊಡ್ತಾರಂತ ಕೇಳಿ ಅಪ್ಪ ಹೋಗ್ಯಾನ. ಸಾಲಿನ್ಯಾಗ ನಿಂತವರಿಗೆಲ್ಲಾ ಬೆರಳು ಚುಚ್ಚ್ಯಾರ, ಅಪ್ಪಗ 268 ಬಂದೈತಿ. ಬರದುಕೊಟ್ಟ ಚೀಟಿ ಮಡಚಿ ಎಲಿ ಚಂಚಿಯೊಳಗ ಇಟ್ಕೊಂಡು ಸುಮ್ನ ಮನಿಗೆ ಬಂದಾನ. ಎರಡು ದಿನ ಬಿಟ್ಟು ಅವ್ವ ಸುಣ್ಣದ ಡಬ್ಬಿ ಹುಡುಕೂ ಹೊತ್ನ್ಯಾಗ ಅದು ಸಿಕ್ಕೈತಿ.

ವಯಸ್ಸು 54. ಹೊಟ್ಟಿ ಇಲ್ಲ, ಬೊಜ್ಜು ಇಲ್ಲ. ಹಬ್ಬಕ್ಕ ಹೋಳಿಗಿ ಬಿಟ್ರ ಸಿಹಿ ಮುಟ್ಟಂಗಿಲ್ಲ. "ಸಕ್ರಿ ಬ್ಯಾನಿ ಅಂದ್ರ ಪ್ಯಾಟಿ ಮಂದಿ ಬ್ಯಾನಿ, ಕುಂತು ಉಣ್ಣಾವ್ರಿಗೆ ಬರೂದು, ದುಡಿಯೋ ಮೈಯಾಗ ನಿಂದ್ರಂಗಿಲ್ಲ, ಆ ಮಷೀನ್ ಕೆಟ್ಟೈತಿ" ಅಂತಾನ. ಖರೇ ಹೇಳ್ಬೇಕಂದ್ರ ನಾನೂ ಹಂಗ ತಿಳ್ಕೊಂಡಿದ್ದೆ. ಮಷೀನ್ ತಪ್ಪು ತೋರಸ್ತಾವೇನ್ರಿ?

ಗಿರಮಿಟ್_ಪ್ರೇಮಿ
ನಮ್ಮ ಕಾಕಾನೂ ಹಿಂಗ ಅಂದಿದ್ದ. ಮೂರು ಮಷೀನ್ ಬದಲಿ ಮಾಡ್ಸಿದ. ಮೂರೂ ಕೆಟ್ಟಿದ್ವು, ಅವನೊಬ್ಬನ ನೆಟ್ಟಗಿದ್ದ. 😀

ಲ್ಯಾಬ್_ತಮ್ಮ_ಗದಗ
ತಪ್ಪು ತೋರಸಬಹುದು ಅಣ್ಣಾರ, ಆದ್ರ ಅದಕ್ಕೂ ಕಾರಣ ಇರತಾವ. ಕೈಗೆ ಬೆಲ್ಲದ ಜಿಗುಟು ಇದ್ರ, ಬಾಳಿಹಣ್ಣು ಸುಲದ ಕೈಲೆ ಹಂಗ ಬಂದು ಕುಂತ್ರ ಆ ಬೆರಳ ಮ್ಯಾಲಿನ ಸಕ್ರಿನೂ ಮಷೀನಿನ ಸ್ಟ್ರಿಪ್ ಎಣಸ್ತೈತಿ. ಒಬ್ಬ ಅಜ್ಜಾರಿಗೆ 340 ಬಂದಿತ್ತು. ಸಾಬಾಣ ಹಚ್ಚಿ ಕೈ ತೊಳಿಸಿ, ಒರಸಿ, ಬ್ಯಾರೆ ಬೆರಳಿಗೆ ಚುಚ್ಚಿದ್ರ 131. ಬಿಸಲಾಗ ನಿಂತ ಗಾಡ್ಯಾಗ ಇಟ್ಟ ಸ್ಟ್ರಿಪ್, ಮುಚ್ಚಳ ತಗದಿಟ್ಟ ಡಬ್ಬಿ, ಇವೂ ಆಟಾ ಆಡತಾವ.

ಅದಕ್ಕ ಶಿಬಿರದ ನಂಬರ್ ಮ್ಯಾಲೆ ತೀರ್ಪು ಕೊಡಬಾರದು. ಮುಂಜಾನೆ ಖಾಲಿ ಹೊಟ್ಟಿಲೆ, ಎಂಟು ತಾಸು ನೀರು ಬಿಟ್ಟು ಏನೂ ತಗೊಳ್ಳದ, ರಟ್ಟಿಯಿಂದ ರಕ್ತ ತಗಸ್ರಿ. 126 ಅಥವಾ ಅದರ ಮ್ಯಾಲೆ ಬಂದ್ರ ಶುಗರ್ ಅಂತ ಹಿಡೀತಾರ. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ 6.5 ಮುಟ್ಟಿದ್ರೂ ಹಂಗ. ಲಕ್ಷಣ ಇಲ್ಲದಿದ್ರ ಇನ್ನೊಂದು ಸಲ ಮಾಡಿ ಖಾತ್ರಿ ಮಾಡ್ಕೋತಾರ. ಮುಂಜಾನಿ ಚಾ ಕುಡದು "ಖಾಲಿ ಹೊಟ್ಟಿ" ಅನ್ನಾವ್ರು ಭಾಳ ಅದಾರ, ಚಾನೂ ಊಟನ ಅಂತ ಅಪ್ಪಾರಿಗೆ ಮೊದಲ ಹೇಳಿಡ್ರಿ.

ನರಗುಂದದ_ಹುಡುಗ
ಕೈ ತೊಳಕೊಂಡಿದ್ದನೋ ಇಲ್ಲೋ ಗೊತ್ತಿಲ್ಲ. ಆದ್ರ ಅವ್ವನ ಕಡೆ ಫೋನಿನ್ಯಾಗ ಕೇಳಿದ್ರ ಒಂದೊಂದ ಹೊರಗ ಬರಾಕತ್ತಾವ. ರಾತ್ರಿ ನಾಕ್ ಸಲ ಏಳ್ತಾನಂತ. ತಂಬಗಿಗಟ್ಲೆ ನೀರು ಕುಡೀತಾನಂತ. ಹಿತ್ತಲದಾಗ ಅವನು ಕುಂತ ಜಾಗಾಕ್ಕ ಇರಿವಿ ಮುಕ್ಕರತಾವಂತ. ಹೋದ ವರ್ಷದ ಅಂಗಿ ಈಗ ಗೂಟಕ್ಕ ಹಾಕಿದಂಗ ಕಾಣಸ್ತೈತಿ. "ಬ್ಯಾಸಿಗಿ ಕೆಲಸ, ಸೊರಗ್ಯಾನ" ಅಂತ ಬಿಟ್ಟಾಳ.

ಆಶಾ_ಅಕ್ಕ
ಉಚ್ಚಿಗೆ ಇರಿವಿ ಬಂದ್ವು ಅಂದ್ರ ಅದರಾಗ ಸಕ್ರಿ ಐತಿ ಅಂತ, ಮಷೀನಿನ ಮಾತು ಬಿಡ್ರಿ ತಮ್ಮಾ. ನಮ್ಮ ಅಜ್ಜಿಗೋಳು ಇದನ್ನ ಮಷೀನಿಲ್ಲದ ಹೇಳ್ತಿದ್ರು.

ನಾ ನವಲಗುಂದ ಕಡೆ ಆಶಾ ಕಾರ್ಯಕರ್ತಿ. ಮೂವತ್ತು ದಾಟಿದ ಎಲ್ಲಾರದೂ ಮನಿ ಮನಿಗೆ ಹೋಗಿ ಫಾರ್ಮ್ ತುಂಬ್ತೀವಿ. ವಯಸ್ಸು, ತಂಬಾಕು, ದಾರು, ಸ್ವಂಟದ ಸುತ್ತಳತಿ, ಮೈ ದುಡಿತ, ಮನ್ಯಾಗ ಯಾರಿಗರ ಐತೇನು, ಇಷ್ಟ ಕೇಳೂದು. ನಾಕರ ಮ್ಯಾಲೆ ಅಂಕ ಬಂದ್ರ ಅವರನ್ನ ಮೊದಲ ತಪಾಸಣಿಗೆ ಕಳಸ್ಬೇಕು. ಫಾರ್ಮ್ ತುಂಬೂದು ಸಸಾರ, ಕಳಸೂದು ಕಠಿಣ. ಗಂಡಸ್ರು ಮುಂಜಾನೆ ಏಳಕ್ಕ ಹೊಲಕ್ಕ, ನಾ ಹೋಗೂದ್ರಾಗ ಮನ್ಯಾಗ ಇರಂಗಿಲ್ಲ. ಸಂಜಿಗೆ ಕಟ್ಟಿ ಮ್ಯಾಲೆ ಸಿಗತಾರ, ಆದ್ರ ಹತ್ತು ಮಂದಿ ಮುಂದ ಸ್ವಂಟಕ್ಕ ಟೇಪ್ ಹಚ್ಚಿಸ್ಕೋ ಅಂದ್ರ ನಗತಾರ. "ಯವ್ವಾ, ಅಂಗಿ ಹೊಲಸಿ ಕೊಡ್ತೀಯೇನು?" ಅಂತಾರ.

ನಿಮ್ಮಪ್ಪಾರು ಚೀಟಿ ಮುಚ್ಚಿಟ್ಟಿದ್ದು ನನಗ ಹೊಸಾದಲ್ಲ. ಬ್ಯಾನಿ ಅಂದ್ರ ದುಡಿಯೂದು ಬಿಡಸ್ತಾರ, ಇಲ್ಲಾ ಮಗಳ ಲಗ್ನಕ್ಕ ಮಾತು ಬರತೈತಿ ಅಂತ ಅಂಜಿಕಿ ಇರತೈತ್ರಿ.

ಕುಂದಗೋಳ_ಕಾಕಾ
ಇದೆಲ್ಲಾ ಗುಳಿಗಿ ಕಂಪನಿ ವ್ಯವಹಾರ. ನಮ್ಮ ಮುತ್ತ್ಯಾ ಎಳ್ಳ ಅಮಾಸಿಗೆ ತುಪ್ಪದಾಗ ಅದ್ದಿ ಎಂಟು ಹೋಳಿಗಿ ಹೊಡೀತಿದ್ದ. ಪಂಚಮಿ ಬಂದ್ರ ಡಬ್ಬಿಗಟ್ಲೆ ಉಂಡಿ. ಎಂಬತ್ತೆರಡು ವರ್ಷ ಬದುಕಿದ, ಒಂದ್ ಗುಳಿಗಿ ಕಂಡಾವಲ್ಲ. ಜ್ವಾಳದ ರೊಟ್ಟಿ ತಿನ್ನಾವ್ರಿಗೆ ಸಕ್ರಿ ಬ್ಯಾನಿ ಬರಂಗಿಲ್ಲ, ಅಕ್ಕಿ ತಿನ್ನಾವ್ರಿಗೆ ಬರತೈತಿ.

ಮಾಸ್ತರ_ನಿವೃತ್ತ
ಕಾಕಾ ಅವರೇ, ನಿಮ್ಮ ಮುತ್ತ್ಯಾ ಎಂಟು ಹೋಳಿಗೆ ತಿಂದದ್ದು ನಿಜವೇ. ಮರುದಿನ ಅವರು ಏನು ಮಾಡಿದರು ಎಂಬುದನ್ನೂ ಹೇಳಿ. ಕತ್ತಲಲ್ಲೇ ಎದ್ದು ಎತ್ತು ಹೂಡಿಕೊಂಡು ಎರಿ ಹೊಲದ ತುಂಬಾ ಕುಂಟೆಯ ಹಿಂದೆ ನಡೆದಿರುತ್ತಾರೆ. ನಿಮ್ಮ ಮುತ್ತಜ್ಜಿ ಬೀಸುವ ಕಲ್ಲಿನ ಮುಂದೆ ಕೂತು ಆ ಹೊತ್ತಿನ ಹಿಟ್ಟು ಬೀಸಿ, ಕೆರೆಯಿಂದ ಮೂರು ಕೊಡ ನೀರು ತಂದಿರುತ್ತಾರೆ.

ಈಗ ನಮ್ಮೂರಲ್ಲಿ ನಾನು ನೋಡುತ್ತಿರುವುದು ಇಷ್ಟು. ಮನೆಯಿಂದ ಹೊಲಕ್ಕೆ ಎರಡು ಕಿಲೋಮೀಟರ್, ಅದಕ್ಕೂ ಬೈಕು. ಹರಗುವುದಕ್ಕೆ ಟ್ರ್ಯಾಕ್ಟರ್ ಬಾಡಿಗೆ, ಕಳೆಗೆ ಔಷಧಿ, ಕಡಲೆ ರಾಶಿಗೆ ಮಷೀನು. ರೈತ ಬದುವಿನ ಮೇಲೆ ನಿಂತು ಮೊಬೈಲು ನೋಡುತ್ತಾ "ಹೊಲದಾಗ ಅದೀನಿ" ಎನ್ನುತ್ತಾನೆ. ಸುಳ್ಳಲ್ಲ, ಹೊಲದಲ್ಲೇ ಇದ್ದಾನೆ! ಮೈಮುರಿಯುವ ದುಡಿತ ಈಗ ಬಿತ್ತುವಾಗ ಕೆಲವು ದಿನ, ಕೊಯ್ಲಿಗೆ ಕೆಲವು ದಿನ. ಉಳಿದಂತೆ ಕಟ್ಟೆ, ಚಹಾ, ಮಿರ್ಚಿ. ಊಟದ ಅಳತೆ ಮಾತ್ರ ಮುತ್ತ್ಯಾನ ಕಾಲದ್ದೇ ಉಳಿದಿದೆ.

ಎತ್ತು ಮಾರಿದವರನ್ನು ಬೈಯುತ್ತಿಲ್ಲ. ಎರಡು ಎತ್ತು ಸಾಕುವ ಖರ್ಚು ನನಗೂ ಗೊತ್ತು.

ಚಾ_ಅಂಗಡಿ_ಅಣ್ಣಿಗೇರಿ
ಸಿಹಿ ತಿನ್ನಂಗಿಲ್ಲ ಅಂತಾರಲ್ಲ ಅಪ್ಪಾರು, ಚಾ ಎಷ್ಟು ಕುಡೀತಾರ ಕೇಳ್ರಿ. ನನ್ನ ಅಂಗಡಿಗೆ ಬರಾವ್ರು ಮನ್ಯಾಗ ಎರಡು ಕುಡದ ಬರತಾರ. ಇಲ್ಲಿ ಮುಂಜಾನೆ ಒಂದು, ಬಸ್ಸಿನಾಗ ಯಾರರ ಇಳದ್ರ ಒಂದು, ಹೊಲದಿಂದ ಬಂದು ಒಂದು, ಸಂಜಿಗೆ ಮೂರು. ಬೀಗರು ಬಂದ ದಿನ ಲೆಕ್ಕ ಇಲ್ಲ. ನಾ ಒಂದ್ ಕಪ್ಪಿಗೆ ಎರಡು ಚಮಚಾ ಹಾಕ್ತೀನಿ. ಕಡಿಮಿ ಹಾಕಿದ್ರ "ಸಕ್ರಿ ತುಟ್ಟಿ ಆಗೇತೇನೋ?" ಅಂತ ಹಂಗಸ್ತಾರ. ಒಂದ್ ಚಮಚಾ 5 ಗ್ರಾಂ ಹಿಡದ್ರ ಎಂಟು ಕಪ್ಪಿಗೆ 80 ಗ್ರಾಂ. ತಿಂಗಳಿಗೆ ಒಬ್ಬ ಮನಶ್ಯಾನ ಹೊಟ್ಟ್ಯಾಗ ಸುಮಾರು ಎರಡೂವರಿ ಕಿಲೋ ಸಕ್ರಿ ಬರೇ ಚಾದಾಗ ಹೋತು. ಅವನು ಪೇಡೆ ಅಂಗಡಿ ಕಡೆ ಹೊಳ್ಳಿನೂ ನೋಡಿರಂಗಿಲ್ಲ.

ಧಂದೆ ನಂದ, ನಾನ ಹೇಳಾಕತ್ತೀನಿ. ಇನ್ನ ನೀವ ನೋಡ್ಕೋರಿ.

ನರಗುಂದದ_ಹುಡುಗ
ಅವ್ವಗ ಎಣಸಾಕ ಹೇಳಿದ್ದೆ ಅಣ್ಣಾರ. ನಿನ್ನೆ ಒಂಬತ್ತು.

ಹಳ್ಳಿ_ಡಾಕ್ಟರ್_ಹಾವೇರಿ
ಹಾವೇರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

"ಪ್ಯಾಟಿ ಮಂದಿ ಬ್ಯಾನಿ" ಎನ್ನುವ ಮಾತು ಮೊದಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮುಂದಾಳತ್ವದ ಇಂಡಿಯಾಬ್ ಎಂಬ ಮಧುಮೇಹ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. 2008ರಿಂದ 2020ರವರೆಗೆ ದೇಶದ ಎಲ್ಲ ರಾಜ್ಯಗಳಲ್ಲಿ 1.13 ಲಕ್ಷ ಜನರನ್ನು ಪರೀಕ್ಷಿಸಿದ ಅಧ್ಯಯನ ಅದು. ಪೇಟೆಯಲ್ಲಿ ಶೇ. 16.4 ವಯಸ್ಕರಿಗೆ ಮಧುಮೇಹ, ಹಳ್ಳಿಯಲ್ಲಿ ಶೇ. 8.9. ಪೇಟೆಯಲ್ಲಿ ಹೆಚ್ಚು ಎಂಬುದು ನಿಜ. ಆದರೆ ಅದರ ಹಿಂದಿನ ಮೆಟ್ಟಿಲು, ಅಂದರೆ ಇನ್ನೂ ಮಧುಮೇಹ ಆಗಿಲ್ಲ ಆದರೆ ಗಡಿಯಲ್ಲಿದೆ ಎನ್ನುವವರ ಪ್ರಮಾಣ ನೋಡಿ: ಪೇಟೆಯಲ್ಲಿ ಶೇ. 15.4, ಹಳ್ಳಿಯಲ್ಲಿ ಶೇ. 15.2. ಸರದಿಯಲ್ಲಿ ನಿಂತವರ ಲೆಕ್ಕ ಎರಡೂ ಕಡೆ ಒಂದೇ. ಕಟ್ಟೆಯ ಮೇಲೆ ಹದಿಮೂರು ಜನ ಕೂತಿದ್ದರೆ ಇಬ್ಬರು ಗಡಿಯಲ್ಲಿ, ಒಬ್ಬರು ಆಗಲೇ ದಾಟಿದ್ದಾರೆ ಎಂದುಕೊಳ್ಳಿ.

ಎರಡನೆಯದು, ತೆಳ್ಳಗಿನ ಮೈ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್‌ಕಿನ್ ಅಕ್ಕಪಕ್ಕ ನಿಂತ ತಮ್ಮದೇ ಫೋಟೊವನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರ–ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯಲ್ಲಿರುವ ಕೊಬ್ಬು ಅಳೆದರೆ ಯುಡ್‌ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ನಮ್ಮ ಜನರ ಮೈ ಹೊರಗಿನಿಂದ ಸಣಕಲು ಕಂಡರೂ ಒಳಗೆ, ಹೊಟ್ಟೆಯ ಅಂಗಾಂಗಗಳ ಸುತ್ತ, ಕೊಬ್ಬು ಕೂತಿರುತ್ತದೆ, ಸ್ನಾಯು ಕಡಿಮೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಪೋಷಣೆ ಸಾಲದೆ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬರಗಾಲ ಕಂಡ ಮನೆಗಳಲ್ಲಿ ಹುಟ್ಟಿದ ಆ ತಲೆಮಾರನ್ನು ನೆನೆಸಿಕೊಳ್ಳಿ.

ಮಧುಮೇಹದ ಅಪಾಯ ಅಳೆಯಲು ಚೆನ್ನೈನವರು ಮಾಡಿದ ಒಂದು ಸರಳ ಅಂಕಪಟ್ಟಿ ಇದೆ, ಒಟ್ಟು ನೂರು. 35 ವರ್ಷದೊಳಗೆ 0, 35ರಿಂದ 49ಕ್ಕೆ 20, 50 ಆದಮೇಲೆ 30. ಗಂಡಸರ ಸೊಂಟ 90 ಸೆಂ.ಮೀ. ಒಳಗಿದ್ದರೆ 0, 90–99ಕ್ಕೆ 10, 100 ಮತ್ತು ಮೇಲೆ 20. ಹೆಂಗಸರಿಗೆ ಅದೇ ಲೆಕ್ಕ 80 ಮತ್ತು 90ಕ್ಕೆ. ವ್ಯಾಯಾಮವೂ ಇದೆ ಕಷ್ಟದ ದುಡಿಮೆಯೂ ಇದೆ ಅಂದರೆ 0, ಎರಡರಲ್ಲಿ ಒಂದು ಮಾತ್ರ ಇದ್ದರೆ 20, ಎರಡೂ ಇಲ್ಲದಿದ್ದರೆ 30. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20. ಅರವತ್ತು ಮುಟ್ಟಿದರೆ ಅಪಾಯ ಹೆಚ್ಚು, ರಕ್ತ ಪರೀಕ್ಷೆ ಮಾಡಿಸಲೇಬೇಕು. ನಿಮ್ಮ ತಂದೆಯದು ಹಾಕಿ ನೋಡಿ.

ಇನ್ನೊಂದು. ತೂಕ ಇಳಿಯುತ್ತಿದೆ ಎಂದಿರಿ. ಶುಗರ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು. ಕೆಮ್ಮು ಇರಲಿ ಬಿಡಲಿ, ಟಿಬಿಯನ್ನೂ ನೋಡಿಸಿ.

ಕುಂದಗೋಳ_ಕಾಕಾ
ಡಾಕ್ಟ್ರೇ, ರೊಟ್ಟಿ ಬಗ್ಗೆ ಏನೂ ಹೇಳಲಿಲ್ಲಲ್ಲ?

ಹಳ್ಳಿ_ಡಾಕ್ಟರ್_ಹಾವೇರಿ
ಹೇಳ್ತೀನಿ ಕಾಕಾ. ಅರ್ಧ ಗೆದ್ದಿರಿ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರು ಹೆಚ್ಚು, ಸಕ್ಕರೆ ನಿಧಾನ ಏರುತ್ತದೆ. 2013ರಲ್ಲಿ ಅನ್ನಭಾಗ್ಯ ಬಂದಮೇಲೆ ರಾತ್ರಿಯ ತಟ್ಟೆಯಲ್ಲಿ ರೊಟ್ಟಿಯ ಜಾಗಕ್ಕೆ ಅನ್ನ ಬಂದ ಮನೆಗಳನ್ನು ನಾನೂ ನೋಡಿದ್ದೇನೆ. ಹಸಿವು ನೀಗಿದ್ದು ಸಣ್ಣ ಮಾತಲ್ಲ, ಅದನ್ನು ಹಳಿಯುವುದಿಲ್ಲ.

ಇನ್ನರ್ಧ ಸೋತಿರಿ. ಅದೇ ಇಂಡಿಯಾಬ್ ತಂಡ 2025ರಲ್ಲಿ ಊಟದ ಲೆಕ್ಕ ಪ್ರಕಟಿಸಿತು. ನಮ್ಮ ಜನ ದಿನಕ್ಕೆ ತಿನ್ನುವ ಕ್ಯಾಲರಿಯಲ್ಲಿ ಶೇ. 62 ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಅಕ್ಕಿ ತೆಗೆದು ಗೋಧಿ, ಸಿರಿಧಾನ್ಯ ಇಟ್ಟರಷ್ಟೇ ಅಪಾಯ ಇಳಿಯಲಿಲ್ಲ. ಒಟ್ಟು ಪಿಷ್ಟ ಕಡಿಮೆ ಮಾಡಿ ಆ ಜಾಗಕ್ಕೆ ಬೇಳೆ, ಕಾಳು, ಹಾಲಿನ ಪದಾರ್ಥ ತಂದಾಗ ಇಳಿಯುವ ಸೂಚನೆ ಇತ್ತು. ಐದು ರೊಟ್ಟಿಗೆ ಒಂದು ಚಮಚ ಝುಣಕ ಬದಲು, ಎರಡು ರೊಟ್ಟಿಗೆ ಒಂದು ಬಟ್ಟಲು ಮಡಿಕೆಕಾಳು, ಮುಷ್ಟಿ ಹಕ್ಕರಕಿ ಸೊಪ್ಪು, ಮಜ್ಜಿಗೆ. ಇದಕ್ಕೆ ಪೇಟೆಯಿಂದ ಏನೂ ತರಬೇಕಿಲ್ಲ.

ಗಿರಮಿಟ್_ಪ್ರೇಮಿ
ಗಿರಮಿಟ್ ಬಗ್ಗೆ ಯಾರೂ ಕೇಳಬ್ಯಾಡ್ರಿ ದಯವಿಟ್ಟು.

ಶಿಗ್ಗಾಂವಿ_ಸೊಸಿ
ಎಲ್ಲಾರೂ ಅಪ್ಪ, ಮುತ್ತ್ಯಾ, ಕಾಕಾ ಅಂತ ಮಾತಾಡಾಕತ್ತೀರಿ. ಹೆಣ್ಮಕ್ಕಳದು ಯಾರು ಕೇಳಾವ್ರು? ಶಿಬಿರ ಮುಂಜಾನೆ ಹತ್ತಕ್ಕ ಇಡ್ತಾರ, ನಾವು ಆಗ ಒಲಿ ಮುಂದ ರೊಟ್ಟಿ ಬಡಿಯಾಕತ್ತಿರ್ತೀವಿ.

ನನಗ ಎರಡನೇ ಬಸಿರಿನ್ಯಾಗ ಶುಗರ್ ಬಂದಿತ್ತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸು ಬಿಟ್ಟು ನೋಡಿದ್ರ 162. 140 ಮುಟ್ಟಿದ್ರ ಸಾಕಂತ, ಬಸಿರಿ ಶುಗರ್ ಅಂತಾರ. ಬಾಣಂತನ ಆದ ಮ್ಯಾಲೆ "ಹೋತು" ಅಂದ್ರು, ಎಲ್ಲಾರೂ ಮರತ್ರು. ಇಂಥಾವ್ರಿಗೆ ಮುಂದ ಖಾಯಂ ಶುಗರ್ ಬರೂ ಸಾಧ್ಯತಿ ಭಾಳ, ಹೆರಿಗಿ ಆಗಿ ಆರು ವಾರಕ್ಕ ಒಮ್ಮೆ, ಆಮ್ಯಾಲೆ ತಪ್ಪದ ತಪಾಸಣಿ ಮಾಡಿಸ್ಬೇಕು ಅಂತ ನನಗ ಗೊತ್ತಾಗಿದ್ದು ಐದು ವರ್ಷ ಬಿಟ್ಟು, ತಲಿ ತಿರುಗಿ ಬಿದ್ದಾಗ. ರಕ್ತ ಕಡಿಮಿ ಇದ್ದದ್ದಕ್ಕ ಎಚ್‌ಬಿಎ1ಸಿ ಬ್ಯಾರೆನ ಏನೋ ತೋರಿಸಿತ್ತು. ಕಬ್ಬಿಣ ಅಂಶ ಕಡಿಮಿ ಇದ್ರ ಅದು ಇದ್ದದ್ದಕ್ಕಿಂತ ಜಾಸ್ತಿ ಬರತೈತಂತ, ಅದಕ್ಕ ಖಾಲಿ ಹೊಟ್ಟಿದೂ ನೋಡ್ರಿ ಅಂದ್ರು.

ನಮ್ಮ ಮಾವನೋರ ಕಥಿ ಇನ್ನೊಂದು. ಶ್ರಾವಣ ಸ್ವಾಮಾರ ಉಪಾಸ, ಗುಳಿಗಿ ಮಾತ್ರ ಬಿಡಲಿಲ್ಲ. ಶುಗರ್ ಇಳಸೂ ಗ್ಲಿಮೆಪಿರೈಡ್ ಇತ್ತು ಅದರಾಗ. ಮಧ್ಯಾಹ್ನ ಮೈ ಬೆವರಿ ನೀರು ನೀರು, ಕೈ ನಡುಗಿ ಕಟ್ಟಿಗೆ ಒರಗಿದ್ರು. ಹೃದಯಾಘಾತ ಅಂತ ಅತ್ತಿ ಅಳಾಕ ಹತ್ತಿದ್ರು. ಮಷೀನಿನ್ಯಾಗ 48. ಎಚ್ಚರ ಇತ್ತು, ಮೂರು ಚಮಚಾ ಸಕ್ರಿ ನೀರಾಗ ಕಲಸಿ ಕುಡಿಸಿದ್ವಿ, ಕಾಲು ತಾಸಿನ್ಯಾಗ ಕಣ್ಣು ಬಿಟ್ಟು "ಯಾಕ ಗದ್ದಲಾ?" ಅಂದ್ರು. 70ರ ಕೆಳಗ ಇಳಿಯೂದು ಏರೂದಕ್ಕಿಂತ ಅವಸರದ ಮಾತು. ಉಪಾಸ ಮಾಡಾವ್ರು ಮೊದಲ ಡಾಕ್ಟರ ಕೇಳ್ರಿ. ಮತ್ತ ಉಪಾಸ ಅಂತ ತಟ್ಟಿ ತುಂಬ ಸಾಬೂದಾಣಿ ತಿಂದ್ರ ಅದು ಉಪಾಸ ಹೆಂಗ ಆಕ್ಕೈತಿ?

ಬೆಟಗೇರಿ_ಮಗ್ಗ
ನಮ್ಮ ಮಾಮಾ ಸಂತ್ಯಾಗ ಒಬ್ಬನ ಕಡೆ ಪುಡಿ ತಗೊಂಡಿದ್ದ. ನೇರಳೆ ಬೀಜ, ಹಾಗಲಕಾಯಿ, ಮೆಂತೆ ಅಂತ ಹೇಳಿ ಕೊಟ್ಟಿದ್ದ. ಎಂಟು ದಿನದಾಗ ಶುಗರ್ ಝರ್ ಅಂತ ಇಳೀತು, ಊರ ತುಂಬ ಡಂಗುರ. ಆಮ್ಯಾಲೆ ಒಂದು ರಾತ್ರಿ ಎಚ್ಚರ ತಪ್ಪಿದ. ಗಿಡಮೂಲಿಕಿ ಪುಡ್ಯಾಗ ಇಂಗ್ರೇಜಿ ಗುಳಿಗಿ ಅರದು ಕಲಸಿರೂ ಪ್ರಕರಣ ಅದಾವ ಅಂತ ದವಾಖಾನ್ಯಾಗ ಹೇಳಿದ್ರು. ಮಾಮಾನ ಪುಡ್ಯಾಗ ಏನಿತ್ತೋ, ಪರೀಕ್ಷಾ ಮಾಡ್ಸಾಕ ಪುಡಿನೂ ಉಳದಿರಲಿಲ್ಲ, ಮಾರಿದಾವನೂ ಉಳದಿರಲಿಲ್ಲ.

ರಾಣೆಬೆನ್ನೂರ_ತಂಗಿ
ನನಗೆ ಗುಳಿಗೆ, ಊಟ ಎಲ್ಲದಕ್ಕಿಂತ ಹೇಳಬೇಕೆನಿಸೋದು ಕಾಲಿನ ಬಗ್ಗೆ. ನಮ್ಮ ಅಪ್ಪಾಜಿಗೆ ಎಂಟು ವರ್ಷದಿಂದ ಶುಗರ್ ಇತ್ತು, ಗೊತ್ತಿತ್ತು, ಗುಳಿಗೆ ಮನಸ್ಸು ಬಂದ ದಿನ. ಒಂದು ಸಂಜೆ ಪಡಸಾಲೆ ಒರೆಸುವಾಗ ನೆಲದ ಮೇಲೆ ಹೆಬ್ಬೆಟ್ಟಿನಷ್ಟಗಲ ರಕ್ತದ ಕಲೆ, ಬಾಗಿಲಿಂದ ಅವರ ಕುರ್ಚಿವರೆಗೂ ಸಾಲಾಗಿ. ಚಪ್ಪಲಿ ತಿರುವಿ ನೋಡಿದರೆ ಜಾಲಿ ಮುಳ್ಳು, ಅಟ್ಟೆ ತೂರಿ ಒಳಗೆ ಅರ್ಧ ಇಂಚು ಬಂದಿತ್ತು. ಆ ಚಪ್ಪಲಿ ಮೆಟ್ಟಿಕೊಂಡೇ ಹೊಲ ಸುತ್ತಿ ಬಂದಿದ್ದರು. ಎಷ್ಟು ದಿನದಿಂದ ಅಂದರೆ ಅವರಿಗೆ ಗೊತ್ತಿಲ್ಲ. ಶುಗರ್‌ನಿಂದ ಕಾಲಿನ ಸ್ಪರ್ಶ ಸತ್ತಿತ್ತು, ನೋವು ಆಗಬೇಕಲ್ಲ ಗೊತ್ತಾಗಲು! ಬೂದಿ, ಅರಿಶಿನ ಹಚ್ಚಿ ಹತ್ತು ದಿನ ಕಳೆದರು. ಆಮೇಲೆ ಎರಡು ಬೆರಳು ತೆಗೆದರು.

ರಾತ್ರಿ ಮಲಗೋ ಮುಂಚೆ ಯಾರಾದರೂ ಅಂಗಾಲು ನೋಡಿ. ಅವರಿಗೆ ಬಗ್ಗೋಕೆ ಆಗದಿದ್ದರೆ ನೀವೇ ಬ್ಯಾಟರಿ ಹಿಡಿದು ನೋಡಿ. ಚಪ್ಪಲಿ ಹಾಕೋ ಮುಂಚೆ ಕೈ ಆಡಿಸಿ ನೋಡಿ.

ಆಶಾ_ಅಕ್ಕ
ತಂಗೀ, ಇದನ್ನ ನಮ್ಮೂರ ಕಟ್ಟಿ ಮ್ಯಾಲೆ ಓದಿ ಹೇಳ್ತೀನಿ, ನಿನ್ನ ಹೆಸರು ಊರು ಇಲ್ಲದ. ಆಗಲೇನವಾ?

ರಾಣೆಬೆನ್ನೂರ_ತಂಗಿ
ಹೇಳಿ ಅಕ್ಕಾ.

ನರಗುಂದದ_ಹುಡುಗ
ಮೂರು ವಾರದ ಮ್ಯಾಲೆ ಬರೀಲಿಕತ್ತೀನಿ, ಕ್ಷಮಾ ಇರಲಿ.

ಅಪ್ಪನ್ನ ಕರಕೊಂಡು ಹೋಗಿದ್ದೆ. ಮುಂಜಾನೆ ಚಾ ಕುಡೀದಂಗ ಕಾಯೂದ ದೊಡ್ಡ ಯುದ್ಧ. ಖಾಲಿ ಹೊಟ್ಟಿಲೆ 196, ಎಚ್‌ಬಿಎ1ಸಿ 9.4. ಟಿಬಿ ಇಲ್ಲ. ಕಣ್ಣು, ಮೂತ್ರದಾಗಿನ ಪ್ರೋಟೀನ್, ಕಿಡ್ನಿ ಹೆಂಗ ಐತಿ ಹೇಳೋ ಕ್ರಿಯಾಟಿನಿನ್ ಎಲ್ಲಾ ನೋಡ್ಯಾರ, ಸದ್ಯಕ್ಕ ಸುರಳೀತ. ಮೆಟ್‌ಫಾರ್ಮಿನ್ 500 ಗುಳಿಗಿ ಚಾಲೂ ಆಗೇತಿ, ಸರ್ಕಾರಿ ದವಾಖಾನ್ಯಾಗ ಪುಕ್ಕಟ. ಮೊದಲ ವಾರ ಹೊಟ್ಟಿ ಗುಡುಗುಡು ಅಂತಂದು ಬಿಡಾಕ ಹೊಂಟಿದ್ದ, ಊಟದ ಜೊತಿಗೆ ತಗೋ ಅಂದ ಮ್ಯಾಲೆ ಕಡಿಮಿ ಆಗೇತಿ. ಚಾ ಒಂಬತ್ತರಿಂದ ನಾಕಕ್ಕ ಇಳದೈತಿ, ಸಕ್ರಿ ಇಲ್ಲದ. "ಕಷಾಯ ಕುಡದಂಗ ಆಕ್ಕೈತಿ" ಅಂತ ಮಾರಿ ಹಿಂಡತಾನ. ತಂಬಾಕು ಮಾತ್ರ ಬಿಟ್ಟಿಲ್ಲ.

ಡಾಕ್ಟ್ರ ಅಂಕಪಟ್ಟಿ ಹಾಕಿದೆ. ಅಪ್ಪಗ ವಯಸ್ಸಿಂದು 30, ಸ್ವಂಟ 84 ಅದಕ್ಕ 0, ದುಡಿತ ಒಂದ ಐತಂತ 20, ನಮ್ಮಾಯಿಗೆ, ಅಂದ್ರ ಅಪ್ಪನ ಅವ್ವಗ, ಇತ್ತು ಅದಕ್ಕ 10. ಸರಿಯಾಗಿ 60. ಹಂಗ ನಂದೂ ಹಾಕಿದೆ. ವಯಸ್ಸು 29, 0. ಸ್ವಂಟ 97, 10. ಕಂಪ್ಯೂಟರ್ ಮುಂದ ಕುಂತ ಕೆಲಸ, 30. ಈಗ ಅಪ್ಪಂದು 10. ಒಟ್ಟು 50. ಮೂವತ್ತೈದು ತುಂಬಿದ ದಿನ ಹುಟ್ಟುಹಬ್ಬದ ಉಡುಗೊರಿ ಅಂತ 20 ಬಂದು 70 ಆಗತೈತಿ. ಅಪ್ಪಗ ಬುದ್ಧಿ ಹೇಳಾಕ ಹೋದಾವ ನಾನು!

ಅವ್ವನ್ನ ಜೊತಿಗೆ ಬಾ ಅಂದ್ರ ರೊಟ್ಟಿ ಮಾಡೂದೈತಿ ಅಂದಿದ್ಲು. ಸೊಸಿ ಅಕ್ಕಾರು ಬರದದ್ದು ಓದಿ ಹೇಳಿ ಎಳಕೊಂಡು ಹೋದೆ. ಆಕಿಗೂ ಐತಿ, ಅಂದ್ರ ನನ್ನ ಅಂಕಕ್ಕ ಇನ್ನೊಂದು 10 ಕೂಡಿ ಈಗಲೇ 60. ಖಾಲಿ ಹೊಟ್ಟಿದು 148, ಎರಡನೇ ಸಲ 151. ಇರಿವಿ ಇಲ್ಲ, ನೀರಡಿಕಿ ಇಲ್ಲ, ಸೊರಗೂದಿಲ್ಲ, ಏನೂ ಇಲ್ಲ. ಎಂದಿನಿಂದ ಐತೋ ಯಾರಿಗೂ ಗೊತ್ತಿಲ್ಲ.

ಈಗ ಒಂದ ಪ್ರಶ್ನಿ ಉಳದೈತಿ. ಯುಗಾದಿಗೆ ಅಪ್ಪ ದಿಂಡಿ ಕೂಡ ಶ್ರೀಶೈಲಕ್ಕ ನಡಕೊಂತ ಹೊಂಟಾನ, ಬರಿಗಾಲಿಲೆ, ಹನ್ನೊಂದು ವರ್ಷದ ಹರಕಿ. ಏನ್ ಮಾಡ್ಲಿ?

ಹಳ್ಳಿ_ಡಾಕ್ಟರ್_ಹಾವೇರಿ
ಈ ವರ್ಷ ಬೇಡ. ಮಾರ್ಚಿನ ಡಾಂಬರು ರಸ್ತೆ, 9.4ರ ಎಚ್‌ಬಿಎ1ಸಿ, ಬರಿಗಾಲು, ಮೂರೂ ಸೇರಬಾರದು. ಅಂಗಾಲಿಗೆ ಸ್ಪರ್ಶ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ, ಸಕ್ಕರೆ ಹತೋಟಿಗೆ ಬರಲಿ. ಮುಂದಿನ ವರ್ಷ ಮೆತ್ತನೆ ಬೂಟು, ಹತ್ತಿಯ ಕಾಲುಚೀಲದ ಜೊತೆ ಯೋಚಿಸೋಣ.

ಕುಂದಗೋಳ_ಕಾಕಾ
ಹರಕಿ ತಪ್ಪಸಬಾರದಪಾ. ಆದ್ರ ಮಲ್ಲಯ್ಯಗ ಬಸ್ಸಿನ್ಯಾಗ ಬಂದ್ರೂ ನಡೀತೈತಿ, ನಮ್ಮ ಮುತ್ತ್ಯಾನೂ ಕಡೀ ಎರಡು ವರ್ಷ ಬಸ್ಸಿಗೇ ಹೋಗಿದ್ದ. ನಾನೂ ಖಾಲಿ ಹೊಟ್ಟಿಲೆ ಒಮ್ಮೆ ನೋಡ್ಸಿಬಂದೆ, ಎಷ್ಟು ಅಂತ ಕೇಳಬ್ಯಾಡ್ರಿ.

ನರಗುಂದದ_ಹುಡುಗ
ಕಾಕಾನ ಮಾತು ಹಂಗ ಓದಿ ತೋರಿಸಿದೆ. ಡಾಕ್ಟ್ರದು ಕೇಳಿ ಸುಮ್ನಿದ್ದ, ಇದನ್ನ ಕೇಳಿ ತಲಿ ಆಡಿಸಿದ. "ಹಂಗಾರ ಕಿಟಕಿ ಕಡೆ ಸೀಟ್ ಹಿಡಿ, ನಿಮ್ಮವ್ವಗೂ ಒಂದು" ಅಂದಾನ.